ಚೀಲ ತಲುಪಿತು

ಬಿಳಿ ಕಾರು ಕನ್ನಡಿಯಲ್ಲಿ ಮತ್ತೆ ಕಾಣಿಸಿತು. ತಾಯಲೂರು ಬಿಟ್ಟು ಇನ್ನೂ ಎರಡು ಮೈಲಿ ಆಗಿರಲಿಲ್ಲ. ಆಂಜಿನಪ್ಪ ಮೊಪೆಡ್ಡಿನ ಕಿವಿ ಹಿಂಡಿದ. ಹಳೆಯ ಗಾಡಿ ಗುರುಗುಟ್ಟಿತೇ ಹೊರತು ವೇಗವೇನೂ ಹೆಚ್ಚಲಿಲ್ಲ.

ಅವನ ಎರಡು ಕಾಲುಗಳ ನಡುವೆ ಟಪಾಲು ಚೀಲವಿತ್ತು. ಬಾಯಿಗೆ ಮುದ್ರೆ ಬಿದ್ದಿತ್ತು. ಒಳಗೇನಿದೆ ಎಂಬುದು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮುದ್ರೆ ಒಡೆಯದಂತೆ ಅದನ್ನು ದೊಡ್ಡಗುಟ್ಟಹಳ್ಳಿಯ ಅಂಚೆಮನೆಗೆ ಮುಟ್ಟಿಸಿದರೆ ಅವನ ಕೆಲಸ ಮುಗಿಯಿತು.

ತಿರುವಿನಲ್ಲಿ ಹೊರಳಿ ನೋಡಿದ. ಕಾರಿನ ನಂಬರು ಆಂಧ್ರದ್ದು.

ಮೂರು ತಿಂಗಳ ಹಿಂದೆ ಇದೇ ದಾರಿಯಲ್ಲಿ ಇಂಥದೇ ಚೀಲವನ್ನು ಗೋಪಿ ಒಯ್ಯುತ್ತಿದ್ದ. ಮುದುಕರ ಪಿಂಚಣಿ ಹಣ ಹೋಗುವ ದಿನ. ಫೋನು ಬಂತು. ಪಾಪದವನು, ಗಾಡಿ ನಿಲ್ಲಿಸಿ ಕಿವಿಗೆ ಹಿಡಿದ. ಹಿಂದಿನಿಂದ ಬಂದ ಕಾರು ಅವನ ಮೇಲೆ ಹರಿದು, ಚೀಲ ಎತ್ತಿಕೊಂಡು ಹೋಯಿತು. ಹೊಲದಲ್ಲಿದ್ದ ದೊಡ್ಡವೆಂಕಟಪ್ಪ ಕಂಡದ್ದು ಎರಡೇ: ಬಿಳಿ ಬಣ್ಣ, ಆಂಧ್ರದ ನಂಬರು. ಪೊಲೀಸರಿಗೆ ಅಷ್ಟು ಸಾಲಲಿಲ್ಲ. ಆಂಜಿನಪ್ಪನಿಗೆ ಸಾಕಾಯಿತು.

ಗೋಪಿಗೆ ಕೆಲಸ ಕಲಿಸಿದವನೇ ಅವನು. ಒಡಹುಟ್ಟಿದವನಿಗಿಂತ ಹೆಚ್ಚು. ತಿಥಿ ಮುಗಿಸಿಕೊಂಡು ಗೋಪಿಯ ಹೆಂಡತಿ ಗಂಗಾ ಗಡಿಯಾಚೆಯ ಪುಂಗನೂರಿನ ತವರಿಗೆ ಹೋದ ದಿನ ಆಂಜಿನಪ್ಪ ಬಸ್ ನಿಲ್ದಾಣದಲ್ಲಿ ನಿಂತು ಮಗುವಿನಂತೆ ಅತ್ತ. ಗಂಡನ ಕೆಲಸವನ್ನು ಅವಳಿಗೆ ಕೊಡಿ ಎಂದು ಕೋಲಾರದ ಕಚೇರಿಗೆ ಆರು ಸಲ ಅಲೆದ. ಕಡತ ಇದೆ, ನೋಡೋಣ ಎಂಬ ಮಾತು ಬಿಟ್ಟರೆ ಅಲ್ಲಿ ಬೇರೇನೂ ಹುಟ್ಟಲಿಲ್ಲ.

ಯಾರೂ ಒಲ್ಲದ ಈ ದಾರಿಯನ್ನು ಅವನೇ ಕೇಳಿ ಪಡೆದಿದ್ದ. ಎರಡು ಶಪಥ ಮಾಡಿಕೊಂಡಿದ್ದ. ನಡುದಾರಿಯಲ್ಲಿ ಗಾಡಿ ನಿಲ್ಲಿಸಬಾರದು, ಫೋನು ಎತ್ತಬಾರದು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಆ ಕಾರಿಗಾಗಿ ದಿನವೂ ಕಾಯುತ್ತಿದ್ದ. ಬಂದರೆ ಏನು ಮಾಡಬೇಕೆಂಬುದೂ ತೀರ್ಮಾನವಾಗಿತ್ತು.

ಜೇಬಿನಲ್ಲಿ ಫೋನು ಅದುರತೊಡಗಿತು. ನಿಂತಿತು. ಮತ್ತೆ ಅದುರಿತು. ಆರು ಸಲ ಆಯಿತು. ಗೋಪಿಗೂ ಹೀಗೇ ಬಂದಿತ್ತು ಎಂದುಕೊಂಡು ಆಂಜಿನಪ್ಪ ಹಲ್ಲು ಕಚ್ಚಿದ.

ಕಾರು ಹಾರ್ನ್ ಬಡಿಯುತ್ತಾ ಪಕ್ಕಕ್ಕೇ ಬಂತು. ಗಾಜು ಕಪ್ಪು, ಒಳಗಿರುವವರು ಕಾಣುವಂತಿಲ್ಲ. ಹಿಂದಿನ ಬಾಗಿಲು ಅರ್ಧ ತೆರೆದು ಸಣಕಲು ಕೈಯೊಂದು ಅವನತ್ತ ಚಾಚಿತು. ಚೀಲಕ್ಕೆ ಕೈ ಹಾಕುತ್ತಿದ್ದಾರೆ. ಅವನು ಹ್ಯಾಂಡಲ್ ಎಳೆದು ರಸ್ತೆ ಬಿಟ್ಟು ಕೆರೆಯಂಗಳಕ್ಕೆ ಇಳಿದ. ಕಾರೂ ಇಳಿಯಿತು. ಇಳಿಯಲಿ ಎಂದೇ ಅವನು ಇಳಿದದ್ದು.

ಆ ಕೆರೆಯ ಮಣ್ಣನ್ನು ಮಾಲೂರಿನ ಇಟ್ಟಿಗೆ ಗೂಡುಗಳಿಗೆಂದು ಬಗೆದು ಸಾಗಿಸಿದ್ದರು. ಉಳಿದದ್ದು ಎರಡಾಳುದ್ದದ ಗುಂಡಿಗಳು. ಮಳೆಗೆ ತುಂಬಿಕೊಂಡು, ಮೇಲೆ ಹಸಿರು ಪಾಚಿ ಕಟ್ಟಿ, ಹೊಸಬರ ಕಣ್ಣಿಗೆ ಹುಲ್ಲುಗಾವಲಿನಂತೆ ಕಾಣುತ್ತಿದ್ದವು. ಎರಡು ಗುಂಡಿಗಳ ನಡುವೆ ಉಳಿದದ್ದು ಒಂದು ಮೊಳ ಅಗಲದ ದಿಬ್ಬ. ಊರಿನವರು ಅದರ ಮೇಲೆ ಮೇಕೆ ಹೊಡೆದುಕೊಂಡು ಹೋಗುತ್ತಾರೆ. ಮೊಪೆಡ್ ಹೋಗುತ್ತದೆ ಎಂಬುದನ್ನು ಆಂಜಿನಪ್ಪ ಮೂರು ತಿಂಗಳು ಅಭ್ಯಾಸ ಮಾಡಿ ಖಚಿತಪಡಿಸಿಕೊಂಡಿದ್ದ.

ಉಸಿರು ಬಿಗಿಹಿಡಿದು ದಿಬ್ಬ ದಾಟಿದ. ಹಿಂದೆ ದೊಪ್ಪೆಂದು ಸದ್ದಾಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಷ್ಟು ದೊಡ್ಡ ಕಾರು ಮೂತಿ ಮುಂದಾಗಿ ಪಾಚಿಯೊಳಗೆ ಇಳಿಯುತ್ತಿತ್ತು, ಈ ಬಡಕಲು ಮೊಪೆಡ್ ದಡದಲ್ಲಿ ಗುರುಗುಟ್ಟುತ್ತಾ ನಿಂತಿತ್ತು. ಕಾರಿನೊಳಗಿಂದ ಯಾರೋ ಗಾಜು ಬಡಿದರು. ಅಣ್ಣಾ, ಅಣ್ಣಾ ಎಂಬ ಕೂಗು ಕೆಸರಲ್ಲಿ ಹೂತಂತೆ ಕೇಳಿತು. ಸಾಯುವಾಗ ಎಲ್ಲರಿಗೂ ಎಲ್ಲರೂ ಅಣ್ಣಂದಿರೇ.

ಹಗ್ಗ ಅವನ ಗಾಡಿಯಲ್ಲೇ ಇತ್ತು. ಕೂಗಿದರೆ ಕೇಳುವಷ್ಟು ದೂರದ ತೋಟದಲ್ಲಿ ಟೊಮೇಟೊ ಕೀಳುವವರಿದ್ದರು. ಅವನು ಕೂಗಲಿಲ್ಲ.

“ಗೋಪಿ ಅಲ್ಲೇ ಇದಾನೆ. ಏನ್ ಹೇಳ್ಬೇಕೋ ಅವನ ಹತ್ರ ಹೋಗಿ ಹೇಳ್ಕೊಳ್ಳಿ,” ಎಂದ.

ಕಾರಿನ ಮಾಡು ಮುಳುಗುವವರೆಗೆ ನಿಂತು ನೋಡಿದ. ಪಾಚಿ ಮತ್ತೆ ಕೂಡಿಕೊಂಡಿತು. ಮೂರು ತಿಂಗಳಲ್ಲಿ ಮೊದಲ ಸಲ ಅವನ ಎದೆ ಹಗುರವಾಯಿತು. ಖುಷಿಯಾಯಿತು ಎಂದೇ ಹೇಳಬೇಕು.

ದೊಡ್ಡಗುಟ್ಟಹಳ್ಳಿಯ ಅಂಚೆಮನೆಯನ್ನು ನೋಡಿಕೊಳ್ಳುವ ವಾಣಿಶ್ರೀ ಬಾಗಿಲಲ್ಲೇ ನಿಂತಿದ್ದಳು. ಅವನು ನೀರು ಕೇಳುವ ಮೊದಲೇ ಚೀಲ ಕಿತ್ತುಕೊಂಡು ಮುದ್ರೆ ಒಡೆದಳು. ಇವಳಿಗೇನು ಇಂದು ಇಷ್ಟು ಆತುರ ಎಂದುಕೊಳ್ಳುತ್ತಾ ಅವನು ತಾನೇ ಬಿಂದಿಗೆಯಿಂದ ಬಗ್ಗಿಸಿಕೊಂಡು ಕುಡಿದ. ಕೆರೆಯ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದ.

ವಾಣಿಶ್ರೀ ರಿಜಿಸ್ಟರ್ ಲಕೋಟೆಯೊಂದನ್ನು ಎತ್ತಿ ಹಿಡಿದಳು. ಅವಳ ಕಣ್ಣು ತುಂಬಿತ್ತು.

“ಬಂತು ಆಂಜಿನಪ್ಪಣ್ಣ. ಗಂಗಾಗೆ ಗೋಪಿ ಕೆಲಸ ಆಯ್ತು.”

ಆರು ಸಲ ಕೋಲಾರಕ್ಕೆ ಅಲೆದದ್ದು ಸಾರ್ಥಕವಾಯಿತು. ಆಂಜಿನಪ್ಪ ಗೋಡೆಗೆ ಒರಗಿ ಕುಳಿತು ಎರಡೂ ಕೈ ಜೋಡಿಸಿದ. ಒಂದೇ ದಿನ ಗೋಪಿಗೆ ಎರಡು ನ್ಯಾಯ ಸಿಕ್ಕಿತ್ತು. ಅವನ ಹೆಂಡತಿ ಇನ್ನು ಯಾರ ಮುಂದೂ ಕೈಯೊಡ್ಡಬೇಕಾಗಿಲ್ಲ. ಆದೇಶ ಹೊರಟು ಹದಿನೈದು ದಿನವಾಯಿತಂತೆ, ಎಲ್ಲೋ ತಪ್ಪಿಹೋಗಿ ಈಗ ಬಂದಿದೆ, ಇದನ್ನು ಹಿಡಿದು ಇಂದು ಸಂಜೆ ಐದರೊಳಗೆ ಕೋಲಾರದಲ್ಲಿ ಸಹಿ ಹಾಕದಿದ್ದರೆ ಕೆಲಸ ಕೈಬಿಡುತ್ತದೆ ಎಂದು ವಾಣಿಶ್ರೀ ಹೇಳಿದಳು. ಗಡಿಯಾರ ನೋಡಿದಳು. ಆಮೇಲೆ ಅವನನ್ನು ದಾಟಿ ರಸ್ತೆಯ ಕಡೆ ಕತ್ತು ಚಾಚಿದಳು.

“ತಾಯಲೂರು ಆಫೀಸಿಂದ ಅಷ್ಟು ಸಲ ಫೋನ್ ಮಾಡಿದ್ರಂತೆ, ಎತ್ಲೇ ಇಲ್ವಲ್ಲಣ್ಣ ನೀವು, ನಿಮ್ಮನ್ನೂ ಚೀಲಾನೂ ಹತ್ತಿಸ್ಕೊಂಡು ಬೇಗ ಬಂದ್ಬಿಡ್ತೀನಿ ಅಂತ ಗಂಗಾ ಪುಂಗನೂರಿನ ತಮ್ಮನ ಕಾರಲ್ಲಿ ನಿಮ್ಮ ಹಿಂದೇನೇ ಹೊರಟ್ಳು, ಎಲ್ಲಿ ಅವಳು?”