ರಾಕ್ಷಸನ ಕೊನೆಯ ಕೂಗು

ಕಬ್ಬಿಣದ ರೋಬೋ ತನ್ನ ಮುಷ್ಟಿಯನ್ನು ಸಮುದ್ರರಾಕ್ಷಸನ ಎದೆಗೆ ಇಳಿಸಿತು. ರಾಕ್ಷಸ ಒಂದು ಕೂಗು ಕೂಗಿದ ನೋಡಿ, ಚಿತ್ರಮಂದಿರದ ಛಾವಣಿ ಒಂದು ಮೊಳ ಮೇಲೆದ್ದು, ಸುತ್ತ ಒಮ್ಮೆ ಕಣ್ಣಾಡಿಸಿ, ಮತ್ತೆ ಸ್ವಸ್ಥಾನಕ್ಕೆ ಬಂದು ಕೂತಿತು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ರೋಬೋ ಅಭಿಮಾನಿಗಳ ಚಪ್ಪಾಳೆಗಂತೂ ಪಕ್ಕದ ಬೀದಿಯ ಬೇಕರಿಯಲ್ಲಿ ಬ್ರೆಡ್ಡುಗಳು ಚಾಕು ಮುಟ್ಟಿಸದೆಯೇ ಹೋಳಾದವು. ಆ ಗದ್ದಲದ ನಡುವೆ, ರೋಬೋ ಪಕ್ಷದ ಮೊದಲ ಸಾಲಿನಲ್ಲಿ ಬೆಳ್ಳಿಬಣ್ಣದ ಅಂಗಿ ತೊಟ್ಟು ಕೂತಿದ್ದ ಹೊಲಿಗೆಯಮ್ಮ ದಡಕ್ಕನೆ ಎದ್ದು ನಿಂತು, ಕಣ್ಣೀರು ಸುರಿಸುತ್ತಾ ಚೀರಿದಳು:

"ಏಯ್, ನಿಲ್ಸೋ! ಹೊಡೀಬೇಡ ಅವನ್ನ!"

ಚಪ್ಪಾಳೆ ಅರ್ಧಕ್ಕೇ ನಿಂತಿತು. ರೋಬೋ ಪಕ್ಷದ ಮುಖಂಡ, ಎರಡೂ ಕಿವಿಗಳ ಮೇಲೆ ಕೂದಲನ್ನು ಬೋಲ್ಟಿನ ಆಕಾರಕ್ಕೆ ಕತ್ತರಿಸಿಕೊಂಡಿದ್ದ ಕಟಿಂಗ್ ಅಂಗಡಿಯವನು, ಬಾಯಿ ಬಿಟ್ಟ. "ಅಕ್ಕಾ, ಏನಾಯ್ತು ನಿಮಗೆ? ನಾವು ರೋಬೋ ಕಡೆಯವರು! ನಮ್ಮೆಲ್ಲರ ಅಂಗಿ ಹೊಲಿದೋರೇ ನೀವಲ್ವಾ?"

ರಾಕ್ಷಸನ ಪಕ್ಷದವರಿಗೂ ತಲೆ ಕೆಟ್ಟಿತು. ಮೈಗೆಲ್ಲ ಹಸಿರು ಬಳಿದುಕೊಂಡು ಬಂದಿದ್ದ ಬ್ಯಾಂಕ್ ಕ್ಯಾಷಿಯರ್, ತಮ್ಮವನು ಸತ್ತನೆಂದು ಅಳಬೇಕೋ, ಎದುರು ಪಾಳೆಯದ ಆಳೇ ಮರುಗಿದಳೆಂದು ಶಿಳ್ಳೆ ಹೊಡೆಯಬೇಕೋ ತಿಳಿಯದೆ, ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಬಿಕ್ಕಳಿಕೆ ಹತ್ತಿಸಿಕೊಂಡ.

ಎಲ್ಲರಿಗಿಂತ ಕಂಗಾಲಾದವನು ಅವಳ ಪಕ್ಕದಲ್ಲಿದ್ದ ಮಗ. ಏಕೆಂದರೆ ಆ ರಾಕ್ಷಸನಿಗೆ ಗಂಟಲು ಕೊಟ್ಟವನೇ ಅವನು. ಸ್ಟುಡಿಯೋದಲ್ಲಿ ಖಾಲಿ ನೀರಿನ ಡ್ರಮ್ಮಿನೊಳಗೆ ತಲೆ ತೂರಿಸಿ ಅವನು ಗರ್ಜಿಸಿದನೆಂದರೆ, ಸುತ್ತಲಿನ ಮನೆಗಳಲ್ಲಿ ಹೆಪ್ಪು ಹಾಕಿಟ್ಟ ಹಾಲು ಮೊಸರಾಗಲು ಹೆದರಿ ಹಾಲಾಗಿಯೇ ಉಳಿಯುತ್ತಿತ್ತು. ಆದರೆ ಅಮ್ಮ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. "ಕಿರುಚೋದೂ ಒಂದು ಕೆಲಸವೇನೋ? ಸುಮ್ನೆ ಅಂಗಡಿಗೆ ಬಂದು ಮೆಷಿನ್ ಮುಂದೆ ಕೂತ್ಕೋ" ಎಂದು ದಿನಾ ಅದೇ ರಾಗ. "ಒಂದ್ಸಲ ಬಂದು ಕೇಳಮ್ಮ. ಕೇಳಿದ್ಮೇಲೂ ಬೇಡ ಅಂದ್ರೆ ನಾಳೆಯಿಂದಲೇ ಅಂಗಡಿಗೆ ಬರ್ತೀನಿ" ಎಂದು ಅವನು ಮಾತು ಕೊಟ್ಟಿದ್ದ. ಬಂದಳೇನೋ ಬಂದಳು, ರೋಬೋ ಅಂಗಿ ಹಾಕಿಕೊಂಡು ಬಂದಳು! "ರೋಬೋ ನೀಟಾಗಿದೆ. ನಿನ್ನ ರಾಕ್ಷಸ ಜೊಲ್ಲು ಸುರಿಸ್ತಾನೆ" ಎಂದು ಮುಖಕ್ಕೇ ಹೇಳಿ, ಚಿತ್ರವಿಡೀ ತೋಳೇರಿಸಿಕೊಂಡು ರೋಬೋಗೆ ಹೊಡೆತ ಹೇಳಿಕೊಡುತ್ತಿದ್ದಳು.

ಈಗ ಮಗ ಅವಳ ಕೈ ಹಿಡಿದು ಎಳೆದ. "ಕೂತ್ಕೋಮ್ಮಾ, ಎಲ್ರೂ ನೋಡ್ತಿದಾರೆ. ಅದು ನಾನು ಕೂಗಿದ್ದು. ಬರೀ ಸಿನಿಮಾ."

"ನಿನ್ನ ಗಂಟಲು ನಂಗೊತ್ತಿಲ್ವೇನೋ? ಅಲ್ಲೀತನಕ ಗರ್ಜಿಸಿದ್ದು ನೀನು, ಒಪ್ಕೋತೀನಿ. ಆ ಕೊನೇ ಕೂಗು ನಿಂದಲ್ಲ."

ಚಿತ್ರ ಮುಗಿದು ಹೊರಗೆ ಬಂದರೆ ಎರಡೂ ಪಕ್ಷಗಳು ಮೆಟ್ಟಿಲ ಮೇಲೆ ಜಟಾಪಟಿಗೆ ನಿಂತಿದ್ದವು. "ಗೆದ್ದಿದ್ದು ಯಾರು ಹೇಳ್ರೋ?" ಎಂದ ಕಟಿಂಗ್ ಅಂಗಡಿಯವನು. "ಗೆದ್ದೋರಾದ್ರೆ ನಿಮ್ಮಕ್ಕ ಯಾಕೆ ಅತ್ರು?" ಎಂದ ಕ್ಯಾಷಿಯರ್, ಬಿಕ್ಕಳಿಸುತ್ತಾ. "ಅದು... ಅದು ಆನಂದಬಾಷ್ಪ ಕಣಯ್ಯಾ!" ಹೇಳಿದವನಿಗೇ ನಂಬಿಕೆ ಬಂದಂತಿರಲಿಲ್ಲ.

ಹೊಲಿಗೆಯಮ್ಮ ಮಗನನ್ನು ಗೋಡೆಯ ಪೋಸ್ಟರಿನ ಪಕ್ಕಕ್ಕೆ ಕರೆದೊಯ್ದಳು. "ಎಲ್ಲಿಂದ ತಂದೆ ಆ ಕೂಗನ್ನ?"

"ಸಾಯೋ ಕೂಗು ಬೇಕು ಅಂತ ಡೈರೆಕ್ಟರು ಎಷ್ಟು ಸಲ ಕೂಗಿಸಿದ್ರು ಗೊತ್ತಾ? ಎಷ್ಟು ಕೂಗಿದ್ರೂ, ರಾಕ್ಷಸನಿಗೆ ಹಲ್ಲುನೋವು ಬಂದ ಹಾಗಿದೆ ಅಂತಿದ್ರು. ಆಮೇಲೆ..."

"ಆಮೇಲೆ?"

"ಅಪ್ಪ ಹೋದ ಸುದ್ದಿ ಬಂದಾಗ ನೀನು ಮೆಷಿನ್ ಮುಂದೆ ಕೂತಿದ್ದೆ. ನಾನು ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ ಆಡ್ತಾ ಇದ್ದೆ." ಅವನು ತಲೆ ತಗ್ಗಿಸಿದ. "ಆಗ ನೀನು ಕೂಗಿದ್ದು ಕಿವಿಯಿಂದ ಹೋಗೇ ಇಲ್ಲಮ್ಮ. ಅದನ್ನೇ ಕೂಗಿದೆ."

ಇಲ್ಲಿ ನಾನು ಏನನ್ನೂ ಸೇರಿಸುವುದಿಲ್ಲ. ಅವಳು ಅಂಗಿಯ ಮೇಲಿನ ಗುಂಡಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು.

"ನಾಳೆ ಅಂಗಡಿಗೆ ಬರಬೇಡ" ಎಂದಳು.

"ಅಂದ್ರೆ? ಸ್ಟುಡಿಯೋಗೇ ಹೋಗು ಅಂತಾನಾ? ಇಲ್ಲಾ, ನನ್ನ ಕಣ್ಣಿಗೆ ಬೀಳಬೇಡ ಅಂತಾನಾ?"

"ಬರಬೇಡ ಅಂದೆ, ಅಷ್ಟೇ."

ಮಗನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಹಸಿರು ಕ್ಯಾಷಿಯರ್, ಬಿಕ್ಕಳಿಕೆ ನಿಂತ ಖುಷಿಗೆ, ಬೀದಿಯ ನಡುವೆ ನಿಂತು ರಾಕ್ಷಸನ ಕೊನೆಯ ಕೂಗನ್ನು ಕೂಗಿ ತೋರಿಸಿದ. ಕಟಿಂಗ್ ಅಂಗಡಿಯವನೂ ಪಕ್ಷ ಮರೆತು ದನಿಗೂಡಿಸಿದ. ನೋಡನೋಡುತ್ತಿದ್ದಂತೆ ಬೆಳ್ಳಿ ಅಂಗಿಗಳು, ಹಸಿರು ಮೋರೆಗಳು, ಬಸ್ಸಿಗೆ ಕಾದವರು, ಬೀದಿಗೆ ಬೀದಿಯೇ ಆ ಕೂಗು ಕೂಗುತ್ತಾ, ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿತು.

ಹೊಲಿಗೆಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕ್ಯಾಷಿಯರನ ಹಸಿರು ತೋಳು ಹಿಡಿದು ನಿಲ್ಲಿಸಿದಳು.

"ಹಾಗಲ್ಲಪ್ಪ" ಎಂದಳು. "ಕೊನೇಲಿ ಉಸಿರು ಆಚೆ ಬಿಡಬಾರದು. ಒಳಗೇ ಇಟ್ಕೋಬೇಕು."