ಬರೀ ಆಮೆನ್ ಅನ್ರಿ

ತಪ್ಪನ್ನು ತಪ್ಪು ಅಂದರೆ ಅದೂ ಒಂದು ತಪ್ಪಾ?...

ಹಾಡು ಕೆಡುವುದನ್ನು ಸುಮ್ಮನೆ ಕೇಳುತ್ತಾ ಕೂರಬೇಕಿತ್ತಾ? ಕ್ರೈಸ್ತನಾದವನು ಎಲ್ಲದಕ್ಕೂ ನಗುತ್ತಾ ತಲೆಯಾಡಿಸಬೇಕಾ?

ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ ಪಡೆಯುವ ಸಾಲಿನಲ್ಲಿ ನಿಂತು ಜಯವಂತ ತನ್ನೊಳಗೇ ವಾದ ಮಾಡುತ್ತಿದ್ದ. ಎದುರು ವಾದಿಸುವವರು ಯಾರೂ ಇರಲಿಲ್ಲ... ಆದರೂ ಗೆಲ್ಲಲು ಆಗುತ್ತಿರಲಿಲ್ಲ.

ಅವನು ಎಂ.ಎ. ಓದಿದ ಯುವಕ. ಮಾತು ಕಡಿಮೆ. ಗದಗದ ಹತ್ತಿರದ ಒಂದು ಸಣ್ಣ ಚರ್ಚಿನಲ್ಲಿ ಕ್ವಾಯರ್ ನಡೆಸುತ್ತಿದ್ದ.

ಈಸ್ಟರ್‌ಗೆ ಹೊಸ ಹಾಡು ಕಲಿಸುವಾಗ ಆದದ್ದು ಇದು.

ಇಪ್ಪತ್ತು ಜನ ಒಟ್ಟಿಗೆ ಸಾಲು ಎತ್ತಿಕೊಂಡರೆ ಒಂದು ಧ್ವನಿ ಮಾತ್ರ ಯಾವಾಗಲೂ ಅರ್ಧ ಹೆಜ್ಜೆ ಹಿಂದೆ... ಅದು ಎಸ್ತೇರವ್ವನದು. ನರ್ಸ್ ಆಗಿ ನಿವೃತ್ತರಾದವರು. ಅರವತ್ತೈದು ವಯಸ್ಸು.

"ಎಸ್ತೇರವ್ವಾರ, ಸ್ವಲ್ಪ ಲಗೂನ ಎತ್ಕೊಳ್ರಿ" ಅಂತ ಒಂದು ಸಲ ಹೇಳಿದ. ಎರಡು ಸಲ... ನಾಲ್ಕು ಸಲ.

ಪ್ರತಿ ಸಲವೂ ಅವರು "ಆತು ತಮ್ಮಾ" ಅನ್ನುವರು. ಪ್ರತಿ ಸಲವೂ ಮತ್ತದೇ ಅರ್ಧ ಹೆಜ್ಜೆ.

ಐದನೇ ಸಲ ಅವನು ಕೀಬೋರ್ಡ್ ಮೇಲಿಂದ ಕೈ ತೆಗೆದ.

"ಒಂದು ಕೆಲಸ ಮಾಡ್ರಿ. ನೀವು ಹಾಡೂದ ಬ್ಯಾಡ. ಕಡೀಕ ಆಮೆನ್ ಬರತೈತಲ್ಲ... ಬರೀ ಅಷ್ಟ ಅನ್ರಿ. ಅದಕ್ಕರೆ ಹೊತ್ತಿಗೆ ಸರಿಯಾಗಿ ಬರ್ರಿ!"

ಎಲ್ಲರೂ ನಕ್ಕರು.

"ಅವರು ಆಮೆನ್ ಅನ್ನೂದ್ರಾಗ ನಾವು ಮನೀ ಮುಟ್ಟಿರ್ತೀವಿ ಬಿಡೋ" ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಮತ್ತೆ ನಗು.

ಎಸ್ತೇರವ್ವ ಪಕ್ಕದಲ್ಲಿ ಕೂತಿದ್ದ ರತ್ನವ್ವನ ಕಡೆ ಒಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು... ಮುಚ್ಚಿಕೊಂಡರು.

"ಆತು ತಮ್ಮಾ."

ಅಂದಿನಿಂದ ಅವರು ಹಾಡಲಿಲ್ಲ. ಈಸ್ಟರ್ ದಿನವೂ ಹಾಡಲಿಲ್ಲ. ಹಾಡು ಮುಗಿಯುವಾಗ ಸರಿಯಾದ ಹೊತ್ತಿಗೆ "ಆಮೆನ್" ಅಂದರು... ಅಷ್ಟೇ.

ಹಾಡು ಅಚ್ಚುಕಟ್ಟಾಗಿ ಬಂತು. ಸಭಾಪಾಲಕರು ಬೆನ್ನು ತಟ್ಟಿದರು. ಜಯವಂತನಿಗೆ ಮಾತ್ರ ಸಿಟ್ಟು. ಇಷ್ಟಕ್ಕೇ ಮುನಿಸಾ? ನನ್ನನ್ನು ಚುಚ್ಚಲಿಕ್ಕೇ ಹೀಗೆ ಮಾಡುತ್ತಿದ್ದಾರಾ?

ಈಸ್ಟರ್ ಆಗಿ ಈಗ ಮೂರು ವಾರ ಕಳೆದಿದೆ. ಪ್ರಭುಭೋಜನದ ಸಾಲಿನಲ್ಲಿ ಅವನ ಮುಂದೆ ನಿಂತವರು ಅದೇ ಎಸ್ತೇರವ್ವ.

ಮನಸ್ತಾಪ ಇಟ್ಟುಕೊಂಡು ಈ ರೊಟ್ಟಿಗೆ ಕೈ ಚಾಚಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದ. ಆಗಷ್ಟೇ ಸಭೆಯೆಲ್ಲ ಪಾಪ ಅರಿಕೆ ಮಾಡಿತ್ತು. ಮಾತಿನಲ್ಲಿ ತಪ್ಪಿದ್ದೇವೆ ಅಂತ ಅವನೂ ಹೇಳಿದ್ದ. ಎಲ್ಲರ ಜೊತೆ ಸೇರಿ ಹೇಳುವುದು ಎಷ್ಟು ಸುಲಭ...

ಕೈ ಚಾಚಿದ. ರೊಟ್ಟಿಯ ಚೂರು ಬಾಯಿಗಿಟ್ಟು, ಎಸ್ತೇರವ್ವನ ಕಡೆ ನೋಡದೆ ಜಾಗಕ್ಕೆ ಮರಳಿದ.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ರತ್ನವ್ವ ಚಪ್ಪಲಿ ಹುಡುಕುತ್ತಿದ್ದರು. ಅವನ ಸಿಟ್ಟು ಅವರ ಮೇಲೆ ತಿರುಗಿತು.

"ರತ್ನವ್ವಾರ, ನೀವೂ ಹಾಡಾಕ ಬಾಯಿ ಬಿಡವಲ್ರಿ. ಅವರಿಗೇನೋ ನನ್ನ ಮ್ಯಾಲೆ ಸಿಟ್ಟು. ನಿಮಗೇನಾತು?"

ರತ್ನವ್ವ ಆಚೀಚೆ ನೋಡಿದರು. ಧ್ವನಿ ತಗ್ಗಿಸಿದರು.

"ಯಾರ ಮುಂದೂ ಅನಬ್ಯಾಡ್ರಿ... ನನಗ ಓದಾಕ ಬರಂಗಿಲ್ಲ."

"ಮತ್ತ ಇಷ್ಟು ವರ್ಷ ಪುಸ್ತಕ ಹಿಡಕೊಂಡು ನಿಲ್ಲತಿದ್ರಿ?"

"ಹಿಡಕೊಳ್ಳಾಕ ಓದು ಯಾಕ ಬೇಕ್ರಿ?" ಅಂತ ನಕ್ಕರು. ಆಮೇಲೆ ನಗು ನಿಂತಿತು. "ಎಸ್ತೇರಕ್ಕಾರು ಒಂದೊಂದು ಸಾಲು ಮದ್ಲ ನನ್ನ ಕಿವ್ಯಾಗ ಹೇಳತಿದ್ರು. ಆಮ್ಯಾಲ ತಾವು ಹಾಡತಿದ್ರು. ಹನ್ನೆರಡು ವರ್ಷ ಹಂಗ ನಡಸ್ಯಾರ. ಅದಕ್ಕ ಅವರದು ತಡ ಆಗತಿತ್ತು..."

ರತ್ನವ್ವ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಮುಂದುವರಿಸಿದರು.

"ಅವತ್ತು ನನ್ನ ಸಲುವಾಗಿ ಅಷ್ಟು ಮಂದ್ಯಾಗ ಅನ್ನಿಸಿಕೊಂಡ್ರಲ್ಲ... ಇನ್ನ ಹೇಳಬ್ಯಾಡ್ರಿ ಅಕ್ಕಾ ಅಂತ ನಾನ ಅಂದೆ. ನೀ ಹಾಡದಿದ್ರ ನಾನೂ ಹಾಡಂಗಿಲ್ಲ ಅಂದ್ರು."

"ಈ ಮಾತು ನನಗ ಅವತ್ತ ಯಾಕ ಹೇಳಲಿಲ್ಲ ಅವರು?"

"ಹೆಂಗ ಹೇಳ್ಯಾರ್ರೀ? ಹೇಳಿದ್ರ ಅಷ್ಟೂ ಮಂದಿ ನನ್ನ ನೋಡಿ ನಗತಿದ್ರು..."

ಅವನ ಕಣ್ಣು ತುಂಬಿ ಬಂತು. ಆ ದಿನ ಬಾಯಿ ತೆರೆದು ಮುಚ್ಚಿಕೊಂಡ ಎಸ್ತೇರವ್ವನ ಮುಖ ಎದುರಿಗೆ ನಿಂತಿತು. ಒಬ್ಬರ ಮಾನ ಉಳಿಸಲು ಅವರು ನಗುವನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡಿದ್ದರು. ಮೂರು ವಾರದಿಂದ ತಾನು ಅದನ್ನು ಮುನಿಸು ಅಂದುಕೊಂಡಿದ್ದ!

ಮುಂದಿನ ಶನಿವಾರದ ಪ್ರಾಕ್ಟೀಸ್‌ನಲ್ಲಿ ಅವನು ಪುಸ್ತಕಗಳನ್ನೆಲ್ಲ ಒಂದು ಕಡೆ ಇಟ್ಟ.

"ಇನ್ನ ಮ್ಯಾಲೆ ಒಂದೊಂದು ಸಾಲು ನಾನು ಬಾಯಿಲೆ ಹೇಳ್ತೀನಿ. ಕೇಳಿ ಕಲತು ಹಾಡೋಣು."

"ನಮ್ಮನ್ನೇನು ಸಂಡೇ ಸ್ಕೂಲಿಗೆ ಇಳಿಸಿದಿ ಏನೋ?" ಅಂತ ಹಿಂದಿನ ಬೆಂಚಿನವರು ಗೊಣಗಿದರು. ಅವನು ಕಾರಣ ಹೇಳಲಿಲ್ಲ.

ರತ್ನವ್ವ ಹಾಡಿದರು. ಎಂಥ ತುಂಬು ಧ್ವನಿ! ಹಿಂದಿನ ಬೆಂಚಿನವರೂ ತಿರುಗಿ ನೋಡಿದರು.

ಎಸ್ತೇರವ್ವ ರತ್ನವ್ವನನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಮೆಲ್ಲಗೆ "ಆಮೆನ್" ಅಂದರು.

"ಎಸ್ತೇರವ್ವಾರ... ನೀವೂ ಹಾಡ್ರಿ."

"ಬ್ಯಾಡ ತಮ್ಮಾ. ಈಗ ಹಾಡು ಚಂದ ಆಗಾಕತ್ತೈತಿ. ನಾ ಯಾಕ ಕೆಡಸಲಿ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ರತ್ನವ್ವನಿಗಾಗಿ ಹಾಡು ಬಿಟ್ಟವರು, ಈಗ ತಮ್ಮ ಧ್ವನಿಯೇ ಹಾಡು ಕೆಡಿಸುತ್ತದೆ ಎಂದು ನಿಜವಾಗಿ ನಂಬಿದ್ದರು... ಅವನು ಹೇಳಿದ್ದಕ್ಕೆ.

"ಹಂಗಲ್ರೀ..." ಅಂದ. ಸುಮ್ಮನೆ ಕೀಬೋರ್ಡ್‌ಗೆ ಬಟ್ಟೆ ಹೊದಿಸಿದ.

*

ನಗಿಸಲು ಆಡಿದ ಮಾತನ್ನು ನಕ್ಕವರು ಮರೆಯುತ್ತಾರೆ... ಯಾರ ಮೇಲೆ ಬಿತ್ತೋ ಅವರು ಅದನ್ನು ನಂಬಿಬಿಡುತ್ತಾರೆ.

ನಾವು ಆಡಿದ ಯಾವ ಮಾತನ್ನು ನಂಬಿಕೊಂಡು ಯಾರು ಇನ್ನೂ ಸುಮ್ಮನೆ ಕೂತಿದ್ದಾರೆ?... ಒಮ್ಮೆ ಕೇಳಿಕೊಳ್ಳೋಣವೇ?

ಜಯವಂತ ಈಗಲೂ ಆ ಚರ್ಚಿನಲ್ಲಿ ಹಾಡು ಕಲಿಸುತ್ತಾನೆ. "ನನ್ನದು ತಪ್ಪಾಯಿತು" ಎಂದು ಅವನು ಎಸ್ತೇರವ್ವನಿಗೆ ಹೇಳಲೇ ಇಲ್ಲ.