ಭೂಮಿಯ ಜ್ವರ

“ಅಳತೆಗೋಲು ಏನು ಅಂತ ಒಂದು ಹೇಳಿಬಿಡಿ ಸರ್, ನಾಳೆಯಿಂದಲೇ ಶುರು ಮಾಡೋಣ,” ಎಂದು ಹೊಸ ಸಂಪಾದಕ ಮತ್ತೊಮ್ಮೆ ಕೇಳಿದ. ಮುದುಕ ವ್ಯಂಗ್ಯಚಿತ್ರಕಾರರು ಮತ್ತೊಮ್ಮೆ ಕನ್ನಡಕ ಒರೆಸಿಕೊಂಡರು. ಕಿಟಕಿಯ ಬಳಿ ಅವರ ಹೆಂಡತಿ ಯಾರದೋ ಮಗುವಿನ ಫ್ರಾಕು ಹೊಲಿಯುತ್ತ ಕೂತಿದ್ದರು. ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ನಿನ ಟಕಟಕ ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿಲ್ಲ.

ಸಂಪಾದಕ ಕೇಳುತ್ತಿದ್ದುದು ಒಂದು ಥರ್ಮಾಮೀಟರಿನ ವಿಷಯ. ಒಂದು ಕಾಲದಲ್ಲಿ ಪತ್ರಿಕೆಯ ಮೊದಲ ಪುಟದ ಮೂಲೆಯಲ್ಲಿ ದಿನವೂ ಬೆಂಕಿಪೊಟ್ಟಣದಷ್ಟು ದೊಡ್ಡ ಚಿತ್ರವೊಂದು ಬರುತ್ತಿತ್ತು. ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಮುಖ ಊದಿಸಿಕೊಂಡ ಭೂಮಿ. ಯುದ್ಧ, ಬಾಂಬು, ಹೊಸ ರೋಗ, ಹೀಗೆ ಲೋಕಕ್ಕೆ ಕೇಡು ಹತ್ತಿರವಾದಂತೆಲ್ಲ ಅದರ ಕೆಂಪು ಗೆರೆ ಮೇಲೇರುತ್ತಿತ್ತು. ಅದನ್ನು ಬರೆಯುತ್ತಿದ್ದ ಈ ಮುದುಕರನ್ನು ಊರೆಲ್ಲ ‘ಡಾಕ್ಟರು’ ಎಂದೇ ಕರೆಯುತ್ತಿತ್ತು. ಹಾಲು ತರಲು ಹೋದರೆ ಸಾಕು, “ಇವತ್ತು ಹೇಗಿದೆ ಡಾಕ್ಟ್ರೇ? ಬದುಕುತ್ತಾ?” ಎಂದು ಅಂಗಡಿಯವನ ವಿಚಾರಣೆ. ಗೆರೆ ಏರಿತೆಂದು ಒಬ್ಬ ಪುಣ್ಯಾತ್ಮ ಮನೆ ಕಟ್ಟಿಸುವುದನ್ನೇ ಅರ್ಧಕ್ಕೆ ನಿಲ್ಲಿಸಿದ್ದ. ಎಂಥ ಕಾಲ ಅದು! ಡಾಕ್ಟರು ನಿವೃತ್ತರಾದಾಗ ಚಿತ್ರವೂ ನಿವೃತ್ತವಾಯಿತು. ಈಗ ಅದು ಮತ್ತೆ ಬರಬಹುದೆಂದು ಗೊತ್ತಾದ ಮೇಲೆ ಅವರಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಕಣ್ಣು ಮುಚ್ಚುವ ಮುನ್ನ ಆ ಮೂಲೆಯನ್ನು ಇನ್ನೊಮ್ಮೆ ನೋಡಬೇಕು, ಅಷ್ಟೇ ಆಸೆ.

“ಈಗಿನ ಓದುಗರು ಸುಮ್ನೆ ಬಿಡಲ್ಲ ಸರ್. ಯಾಕೆ ಏರ್ತು, ಯಾಕೆ ಇಳೀತು ಅಂತ ಕೇಳ್ತಾರೆ. ಮನಸ್ಸಿಗೆ ಬಂದ ಹಾಗೆ ಬರೆದ್ರೆ ಗಿಣಿಶಾಸ್ತ್ರಕ್ಕೂ ನಮಗೂ ಏನು ವ್ಯತ್ಯಾಸ? ಲೆಕ್ಕ ಇಲ್ದೆ ಇದ್ರೆ ಹಾಕೋಕಾಗಲ್ಲ.”

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಮೆಲ್ಲಗೆ ಮಾತಾಡಪ್ಪ. ಇದು ಅವಳಿಗೂ ಗೊತ್ತಿಲ್ಲ.”

ಆಗೆಲ್ಲ ಸಂಜೆ ಹೊತ್ತಿಗೆ ಪತ್ರಿಕೆಯ ಆಫೀಸಿನಿಂದ ಫೋನು ಬರುತ್ತಿತ್ತಂತೆ. ಅವರು ಹೇಳಿದ ಸುದ್ದಿಯನ್ನು ಇವರು ಬೇಕೆಂದೇ ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದರು. ಕಿವಿ ಫೋನಿನಲ್ಲಿ, ಕಣ್ಣೆಲ್ಲ ಕಿಟಕಿಯ ಕಡೆ. ಮಷಿನ್ನು ಓಡುತ್ತಲೇ ಇದ್ದರೆ ಗೆರೆ ಇದ್ದಲ್ಲೇ. ಸ್ವಲ್ಪ ನಿಧಾನವಾದರೆ ಒಂದು ಗೀಟು ಮೇಲೆ. ಮಷಿನ್ನು ಪೂರ್ತಿ ನಿಂತು, ಹೆಂಡತಿ ಎದ್ದುಹೋಗಿ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಗೆ ಕರೆದಳೆಂದರೆ ಎರಡು ಗೀಟು. ಯಾವುದೋ ದೊಡ್ಡ ಒಪ್ಪಂದಕ್ಕೆ ಸಹಿಯಾಯಿತೆಂದ ಸಂಜೆ ಅವಳು ಹಾಡು ಗುನುಗುತ್ತ ಹೊಲಿದಿದ್ದಳು. ಅಂದು ಗೆರೆಯನ್ನು ಇಳಿಸಿದ ಖುಷಿ ಡಾಕ್ಟರಿಗೆ ಇನ್ನೂ ಮರೆತಿಲ್ಲ.

ಸಂಪಾದಕನಿಗೆ ನಗು ತಡೆಯಲಾಗಲಿಲ್ಲ. ದನಿ ತಗ್ಗಿಸಿ ಕೇಳಿದ, “ಪ್ರಪಂಚದ ಜ್ವರಾನ ಅಮ್ಮನ ಕಾಲಲ್ಲಿ ನೋಡ್ತಿದ್ರಾ? ಅವರಿಗೆ ಮಂಡಿ ನೋವು ಬಂದು ನಿಲ್ಲಿಸಿದ್ರೆ?”

“ಬಂದಿತ್ತು ಒಂದ್ಸಲ. ಒಂದು ವಾರ ಪ್ರಪಂಚಕ್ಕೆ ಜ್ವರಾನೇ ಇಳೀಲಿಲ್ಲ,” ಎಂದು ಡಾಕ್ಟರೂ ನಕ್ಕರು. ಆಮೇಲೆ ಅಂದರು, “ಆದ್ರೆ ನೋಡಪ್ಪ, ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕು. ಅವಳ ಕಾಲು ನಿಂತಾಗ ಊರಲ್ಲಿ ಇನ್ನೆಷ್ಟು ಮನೇಲಿ ಕೈ ಕಾಲು ನಿಂತಿರ್ತಿದ್ವೋ. ನನ್ನ ಕಣ್ಣಿಗೆ ಬೀಳ್ತಿದ್ದದ್ದು ಒಂದು ಮನೆ. ಅದನ್ನ ಬರೀತಿದ್ದೆ.”

ಸಂಪಾದಕನ ನಗು ಕರಗಿತು. “ಸರಿ, ಇವತ್ತಿಂದೂ ನೋಡೇಬಿಡೋಣ,” ಎಂದು ಮೊಬೈಲು ತೆಗೆದು ಗಟ್ಟಿಯಾಗಿ ಓದತೊಡಗಿದ. ಎರಡು ದೇಶಗಳ ನಡುವಿನ ಶಾಂತಿ ಒಪ್ಪಂದ ಮುರಿದುಬಿದ್ದಿದೆ. ಎರಡೂ ದೇಶಗಳು ಅಣುಬಾಂಬುಗಳನ್ನು ಸಜ್ಜಾಗಿಟ್ಟಿವೆ. ಬಳಸಲು ಹಿಂದೆಮುಂದೆ ನೋಡುವುದಿಲ್ಲ ಎಂದು ಎರಡೂ ಕಡೆಯವರು ಹೇಳಿದ್ದಾರೆ. ಅಷ್ಟರಲ್ಲಿ ಡಾಕ್ಟರು ಕಾಗದದ ಮೇಲೆ ಹಳೆಯ ಭೂಮಿಯನ್ನು ಬರೆದು, ಅದರ ಬಾಯಿಗೆ ಥರ್ಮಾಮೀಟರ್ ಇಟ್ಟು, ಕುಂಚ ಹಿಡಿದು ಕಾಯುತ್ತಿದ್ದರು.

ಮಷಿನ್ನು ಓಡುತ್ತಲೇ ಇತ್ತು.

“ಕೇಳಿಸ್ತೇನೇ?” ಎಂದರು ಡಾಕ್ಟರು.

“ಕೇಳಿಸ್ತು ರೀ, ನಾನೇನು ಕಿವುಡೀನಾ?” ಹೆಂಡತಿ ತಲೆ ಎತ್ತಲಿಲ್ಲ. “ಮಾತಾಡಿಸ್ಬೇಡಿ, ತೋಳು ಸೊಟ್ಟ ಆಗುತ್ತೆ.”

“ಭಯ ಆಗ್ಲಿಲ್ವಾ?”

“ಆಗೆಲ್ಲ ಆಗ್ತಿತ್ತು. ಈಗ ಬೆಳಗಾದ್ರೆ ಇದೇ ಅಲ್ವಾ? ದಿನಾ ಸಾಯೋರಿಗೆ ಅಳೋರು ಯಾರು?”

ಬೀದಿಯಲ್ಲಿ ಯಾರದೋ ಮಕ್ಕಳು ಕೂಗಾಡುತ್ತ ಆಡುತ್ತಿದ್ದವು. ಡಾಕ್ಟರು ಹೆಂಡತಿಯ ಕಾಲನ್ನೇ ನೋಡುತ್ತ ಕೂತರು. ಒಂದೇ ಒಂದು ಸಲ ಅದು ನಿಲ್ಲಬಾರದೇ ಎಂದು ಅವರ ಜೀವ ಹಂಬಲಿಸಿತು. ಸುದ್ದಿ ಕೇಳಿ ಬೆಚ್ಚಿ, ಸೂಜಿ ಬಿಟ್ಟು, ಬಾಗಿಲಿಗೆ ಓಡುತ್ತಿದ್ದ ಆ ಹೆಂಗಸು ಎಲ್ಲಿ ಹೋದಳು?

“ಬಿಡಿ ಸರ್, ನಿಮ್ಮ ಲೆಕ್ಕದ ಪ್ರಕಾರ ಇವತ್ತು ಜ್ವರ ಇಲ್ಲ,” ಎಂದ ಸಂಪಾದಕ.

ಡಾಕ್ಟರು ಕುಂಚವನ್ನು ಕೆಂಪಿನಲ್ಲಿ ಅದ್ದಿ ಗೆರೆ ಎಳೆಯತೊಡಗಿದರು. ಇಷ್ಟು ವರ್ಷ ಎಂದೂ ಮುಟ್ಟದ ಕೊನೆಯ ಗೀಟನ್ನೂ ದಾಟಿಸಿ, ಗಾಜಿನ ತುದಿಯವರೆಗೆ ತುಂಬಿಸಿದರು.

“ಸರ್! ಮಷಿನ್ನು ನಿಲ್ಲಲೇ ಇಲ್ವಲ್ಲ!”

“ಅದಕ್ಕೇ ಕಣಪ್ಪ,” ಎಂದು ಡಾಕ್ಟರು ಇನ್ನೂ ಒದ್ದೆಯಿದ್ದ ಚಿತ್ರವನ್ನು ಅವನ ಕೈಗಿಟ್ಟರು.